ದೊಡ್ಡ ಚೈನ್‌ರಿಂಗ್ ಬೇಕೆ? ದುಡ್ಡು ಕೊಡುವ ಮೊದಲು ಸ್ಕೇಲು ಹಿಡಿಯಿರಿ

"ಸರ್, ಇಳಿಜಾರಿನಲ್ಲಿ ಕಾಲು ಗಿರಗಿರ ತಿರುಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಗೇರ್ ಮುಗಿದುಹೋಗುತ್ತೆ. 60 ಹಲ್ಲಿನ ಚೈನ್‌ರಿಂಗ್ ಎಲ್ಲಿ ಸಿಗುತ್ತೆ?"

ತಿಂಗಳಿಗೆ ಇಬ್ಬರು ಮೂವರಾದರೂ ಈ ಪ್ರಶ್ನೆ ಕೇಳುತ್ತಾರೆ. ಒಬ್ಬರದು ರೋಡ್ ಬೈಕ್, ಇನ್ನೊಬ್ಬರದು ಮಡಚುವ ಸೈಕಲ್, ಮತ್ತೊಬ್ಬರದು ಏಳು ಗೇರಿನ ಎಂಟಿಬಿ (ಮೌಂಟನ್ ಬೈಕ್). ಪ್ರಶ್ನೆ ಒಂದೇ ಆದರೂ ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಕೇಳುವವರಲ್ಲಿ ಬಹುಪಾಲು ಜನರಿಗೆ ದೊಡ್ಡ ಚೈನ್‌ರಿಂಗಿನ ಅಗತ್ಯವೇ ಇರುವುದಿಲ್ಲ. ಅಗತ್ಯ ಇರುವವರು ಅಳತೆ ತೆಗೆಯದೆ ತರಿಸಿಕೊಂಡು ಆಮೇಲೆ ಪೇಚಾಡುತ್ತಾರೆ. ಇಬ್ಬರಿಗೂ ಆಗುವಂತೆ, ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ದಯವಿಟ್ಟು ಐದನೇ ಹಂತಕ್ಕೆ ನೇರವಾಗಿ ಹಾರಬೇಡಿ.

ಮೊದಲು ನಾಲ್ಕು ಪದ ತಿಳಿದಿರಲಿ. ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರವೇ ಚೈನ್‌ರಿಂಗ್. ಹಳೇ ಸೈಕಲ್ ಅಂಗಡಿಗಳಲ್ಲಿ ಇದನ್ನು ಚೈನ್‌ವೀಲ್ ಅನ್ನುತ್ತಾರೆ. ಪೆಡಲ್ ಕೂರುವ ತೋಳು ಕ್ರ್ಯಾಂಕ್. ಬಲಗಡೆ ಕ್ರ್ಯಾಂಕಿನ ಬುಡದಿಂದ ಜೇಡದ ಕಾಲುಗಳಂತೆ ಹೊರಟು ಚೈನ್‌ರಿಂಗನ್ನು ಹಿಡಿದಿರುವ ಭಾಗ ಸ್ಪೈಡರ್. ಹಿಂದಿನ ಚಕ್ರದ ಸಣ್ಣ ಹಲ್ಲುಚಕ್ರ ಒಂದೊಂದನ್ನೂ ಕಾಗ್ ಅನ್ನೋಣ.

ಬೇಕಾಗುವ ಸಾಮಾನು: ಮಿಲಿಮೀಟರ್ ಗೀಟಿರುವ ಸ್ಕೇಲು, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್, ಆಲನ್ ಕೀ ಸೆಟ್, ಚೈನ್ ಕತ್ತರಿಸುವ ಉಪಕರಣ, ಒಂದು ಹಳೇ ರಟ್ಟಿನ ಡಬ್ಬ, ಕತ್ತರಿ, ಟೇಪು. ಕ್ರ್ಯಾಂಕ್ ಬಿಚ್ಚಬೇಕಾಗಿ ಬಂದರೆ ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕು. ಅದನ್ನು ಅಂಗಡಿಯವರಿಗೇ ಬಿಡಬಹುದು.

ಹಂತ 1: ಗೇರ್ ನಿಜಕ್ಕೂ ಮುಗಿದಿದೆಯೆ? ಲೆಕ್ಕ ಹಾಕಿ

ಮುಂದಿನ ಹಲ್ಲಿನ ಸಂಖ್ಯೆಯನ್ನು ಹಿಂದಿನ ಹಲ್ಲಿನ ಸಂಖ್ಯೆಯಿಂದ ಭಾಗಿಸಿ. ಬಂದದ್ದನ್ನು ಚಕ್ರದ ಸುತ್ತಳತೆಯಿಂದ ಗುಣಿಸಿ. ಪೆಡಲ್ ಒಂದು ಪೂರ್ತಿ ಸುತ್ತು ಬಂದರೆ ಸೈಕಲ್ ಎಷ್ಟು ಮೀಟರ್ ಸಾಗುತ್ತದೆ ಎಂಬುದು ಸಿಗುತ್ತದೆ. ಇದಕ್ಕೆ ಡೆವಲಪ್‌ಮೆಂಟ್ ಎಂದು ಹೆಸರು. ನಾವು 'ಒಂದು ಸುತ್ತಿನ ದೂರ' ಅನ್ನೋಣ.

700×25 ಟೈರಿನ ಸುತ್ತಳತೆ ಸುಮಾರು 2.105 ಮೀಟರ್. ಸಾಮಾನ್ಯ ರೋಡ್ ಬೈಕಿನಲ್ಲಿ ಮುಂದೆ 50, ಹಿಂದೆ 11 ಹಲ್ಲು ಇದ್ದರೆ ಒಂದು ಸುತ್ತಿನ ದೂರ 9.57 ಮೀಟರ್. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 51.7 ಕಿ.ಮೀ. ವೇಗ. ಹೀಗೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗುತ್ತದೆ ಎನ್ನುವುದನ್ನು ಕೇಡೆನ್ಸ್ ಎನ್ನುತ್ತಾರೆ. ಅದೇ ಗೇರಿನಲ್ಲಿ 110 ಸುತ್ತಿಗೆ ಏರಿಸಿದರೆ 63 ಕಿ.ಮೀ. ಮುಟ್ಟುತ್ತದೆ.

ಈಗ ನಿಮ್ಮನ್ನೇ ಕೇಳಿಕೊಳ್ಳಿ: ಸಮತಟ್ಟು ರಸ್ತೆಯಲ್ಲಿ, ಯಾರ ಹಿಂದೆಯೂ ಅಂಟಿಕೊಳ್ಳದೆ, 50 ಕಿ.ಮೀ. ವೇಗವನ್ನು ಎಷ್ಟು ಹೊತ್ತು ಉಳಿಸಿಕೊಳ್ಳುತ್ತೀರಿ? ಸೈಕಲ್ ಸೇರಿ 80 ಕಿಲೋ ತೂಕದ ಸವಾರ ಹ್ಯಾಂಡಲ್‌ನ ಕೆಳಗಿನ ಬಾಗು ಹಿಡಿದು ಕೂತಿದ್ದಾನೆ ಎಂದಿಟ್ಟುಕೊಳ್ಳಿ. 40 ಕಿ.ಮೀ. ವೇಗಕ್ಕೆ ಅಂದಾಜು 280 ವಾಟ್ ಬೇಕು. 50ಕ್ಕೆ 500 ವಾಟ್ ದಾಟುತ್ತದೆ. 60ಕ್ಕೆ 850ರ ಮೇಲೆ. ಗಾಳಿಯ ವಿರುದ್ಧ ಖರ್ಚಾಗುವ ಶಕ್ತಿ ವೇಗದ ಘನದಷ್ಟು ಏರುವುದರಿಂದ ಹೀಗಾಗುತ್ತದೆ. ಚೈನ್‌ರಿಂಗ್ ದೊಡ್ಡದು ಮಾಡಿದ ಮಾತ್ರಕ್ಕೆ ಈ ವಾಟ್ ಎಲ್ಲಿಂದಲೂ ಹುಟ್ಟುವುದಿಲ್ಲ. ತುಳಿತ ಭಾರವಾಗುತ್ತದೆ, ಮಂಡಿ ನೋಯುತ್ತದೆ, ಅಷ್ಟೆ.

ಇಳಿಜಾರಿನ ಮಾತು ಬೇರೆ. ನಂದಿ ಬೆಟ್ಟದಿಂದ ಇಳಿಯುವಾಗ 55–60 ಕಿ.ಮೀ. ದಾಟಿದ ಮೇಲೆ ಪೆಡಲ್ ತುಳಿಯುವುದಕ್ಕಿಂತ ಮೈ ಕುಗ್ಗಿಸಿ, ಎರಡೂ ಪೆಡಲ್ ಸಮ ಮಟ್ಟದಲ್ಲಿಟ್ಟು, ಮೊಣಕೈ ಒಳಗೆಳೆದು ಸುಮ್ಮನೆ ಕೂರುವುದೇ ಹೆಚ್ಚು ಲಾಭ. ತುಳಿಯುವ ಕಾಲು ಗಾಳಿಯನ್ನು ಕಲಕುತ್ತದೆ. ಆ ತಿರುವುಗಳಲ್ಲಿ ನಿಮಗೆ ಬೇಕಾದದ್ದು ಒಳ್ಳೆಯ ಬ್ರೇಕ್ ಪ್ಯಾಡ್, 60 ಹಲ್ಲಿನ ರಿಂಗ್ ಅಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿಬಿಡಿ. 2022ರ ಅಕ್ಟೋಬರ್ 8ರಂದು ಸ್ವಿಟ್ಜರ್ಲೆಂಡಿನ ಗ್ರೆಂಶೆನ್ ವೆಲೊಡ್ರೋಮ್‌ನಲ್ಲಿ (ಸೈಕಲ್ ಸ್ಪರ್ಧೆಯ ಟ್ರ್ಯಾಕ್) ಇಟಲಿಯ ಫಿಲಿಪ್ಪೊ ಗಾನ್ನಾ ಒಂದು ಗಂಟೆಯಲ್ಲಿ 56.792 ಕಿ.ಮೀ. ಸಾಗಿ ದಾಖಲೆ ಮಾಡಿದರು. ಅವರ ಚೈನ್‌ರಿಂಗಿನಲ್ಲಿ 65 ಹಲ್ಲು! ಆ ಚಿತ್ರ ನೋಡಿದವರೇ ನನಗೆ ಹೆಚ್ಚು ಫೋನ್ ಮಾಡುವುದು. ಆದರೆ ಹಿಂದಿನ ಕಾಗ್ 14 ಹಲ್ಲಿನದು. 65 ಭಾಗಿಸು 14 ಅಂದರೆ 4.64. ನಿಮ್ಮ ಸೈಕಲ್ಲಿನಲ್ಲಿ 51ಕ್ಕೆ 11 ಹಾಕಿದರೂ ಅದೇ 4.64. ಅಂದರೆ ವಿಶ್ವದಾಖಲೆಯ ಗೇರೂ ಅಂಗಡಿಯಲ್ಲಿ ಸಿಗುವ ರೋಡ್ ಬೈಕಿನ ಗೇರೂ ಹೆಚ್ಚು ಕಡಿಮೆ ಒಂದೇ. ಗಾನ್ನಾ ಅದನ್ನು ನಿಮಿಷಕ್ಕೆ ಸುಮಾರು 97 ಸುತ್ತಿನಂತೆ ಒಂದು ಗಂಟೆ ತುಳಿದರು, ನಮಗೆ ಅದು ಆಗುವುದಿಲ್ಲ.

ಹಾಗಾದರೆ 65 ಯಾಕೆ? ಸಣ್ಣ ಕಾಗ್ ಮೇಲೆ ಚೈನಿನ ಪ್ರತಿ ಲಿಂಕ್ ಹೆಚ್ಚು ಕೋನದಲ್ಲಿ ಬಾಗಬೇಕು, ಎಳೆತವೂ ಹೆಚ್ಚು. ಎರಡೂ ಕಡೆ ಹಲ್ಲು ಹೆಚ್ಚಿದರೆ ಬಾಗು ಕಡಿಮೆ, ಎಳೆತ ಕಡಿಮೆ, ಘರ್ಷಣೆಯಲ್ಲಿ ಪೋಲಾಗುವ ಶಕ್ತಿಯೂ ಕಡಿಮೆ. ಉಳಿತಾಯ ಕೆಲವೇ ವಾಟ್. ದಾಖಲೆಗೆ ಇಳಿದವರಿಗೆ ಅದೇ ದೊಡ್ಡದು.

ಹಂತ 2: ಮುಂದೆ ನೋಡುವ ಮೊದಲು ಹಿಂದೆ ನೋಡಿ

ಇದೇ ಅತ್ಯಂತ ಅಗ್ಗದ ದಾರಿ, ಯಾರೂ ನೋಡದ ದಾರಿಯೂ ಹೌದು. ನಿಮ್ಮ ಅತಿ ಸಣ್ಣ ಕಾಗ್‌ನ ಹಲ್ಲು ಎಣಿಸಿ.

ನಮ್ಮಲ್ಲಿ ಮಾರಾಟವಾಗುವ ಆರಂಭಿಕ ಬೆಲೆಯ ಏಳು ಗೇರಿನ ಸೈಕಲ್‌ಗಳಲ್ಲಿ ಹಿಂದೆ ಸಾಮಾನ್ಯವಾಗಿ 14ರಿಂದ 28 ಹಲ್ಲಿನ ಫ್ರೀವೀಲ್ (ಹಲ್ಲುಚಕ್ರಗಳ ಗುಚ್ಛ) ಇರುತ್ತದೆ. ಮುಂದೆ 42 ಇದ್ದು ಚಕ್ರ 26 ಇಂಚಿನದಾದರೆ, 90 ಸುತ್ತಿಗೆ ವೇಗ ಸುಮಾರು 33 ಕಿ.ಮೀ. ಮಾತ್ರ. ಇಂಥ ಸೈಕಲ್ಲಿನಲ್ಲಿ 'ಗೇರ್ ಮುಗಿಯಿತು' ಎಂಬ ದೂರು ನ್ಯಾಯವಾದದ್ದೇ. ಮಡಚುವ 20 ಇಂಚಿನ ಸೈಕಲ್ಲಿನಲ್ಲಿ ಮುಂದೆ 52, ಹಿಂದೆ 14 ಇದ್ದರೆ ಒಂದು ಸುತ್ತಿಗೆ ಸುಮಾರು 5.5 ಮೀಟರ್, 90 ಸುತ್ತಿಗೆ 30 ಕಿ.ಮೀ.

ಆದರೆ ಆ 14ರ ಜಾಗಕ್ಕೆ 11 ತಂದರೆ? 52ಕ್ಕೆ 11 ಎಂದರೆ 66ಕ್ಕೆ 14 ಹಾಕಿದಷ್ಟೇ. ಹಿಂದೆ ಮೂರು ಹಲ್ಲು ಇಳಿಸುವುದು ಮುಂದೆ ಹದಿನಾಲ್ಕು ಹಲ್ಲು ಏರಿಸಿದ್ದಕ್ಕೆ ಸಮ. ಫ್ರೇಮಿಗೆ ತಾಗುವ ಭಯವಿಲ್ಲ, ಚೈನನ್ನು ಒಂದು ರಿಂಗ್‌ನಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೇಲರ್ ಮುಟ್ಟಬೇಕಿಲ್ಲ.

ಇಲ್ಲಿ ಒಂದು ತೊಡಕು. ಹಿಂದಿನ ಹಲ್ಲುಚಕ್ರಗಳ ಗುಚ್ಛ ಎರಡು ಬಗೆ: ಚಕ್ರದ ನಡುಭಾಗವಾದ ಹಬ್‌ಗೆ ತಿರುಪಿನಂತೆ ಬಿಗಿಯುವ ಫ್ರೀವೀಲ್, ಮತ್ತು ಹಬ್‌ನ ಗೀರುಗಳ ಮೇಲೆ ಜಾರಿ ಕೂರುವ ಕ್ಯಾಸೆಟ್. ಚಕ್ರ ಬಿಚ್ಚಿ ಕಾಗ್‌ಗಳನ್ನು ಹಿಮ್ಮುಖ ತಿರುಗಿಸಿ. ನಡುವೆ ಟೂಲ್ ಕೂರಿಸುವ ಗೀರುಗಳಿರುವ ಭಾಗವೂ ಜೊತೆಗೇ ತಿರುಗಿದರೆ ಅದು ಕ್ಯಾಸೆಟ್, ಅದು ನಿಂತೇ ಇದ್ದರೆ ಫ್ರೀವೀಲ್. ಕ್ಯಾಸೆಟ್ ಆದರೆ 11 ಹಲ್ಲಿನದು ಎಲ್ಲೆಡೆ ಸಿಗುತ್ತದೆ. ಫ್ರೀವೀಲ್‌ನಲ್ಲಿ 11 ಹಲ್ಲು ಅಪರೂಪ. ತೈವಾನಿನ ಡಿಎನ್‌ಪಿ ಕಂಪನಿ 11ರಿಂದ ಶುರುವಾಗುವ ಫ್ರೀವೀಲ್ ಮಾಡುತ್ತದೆ, ಆನ್‌ಲೈನ್‌ನಲ್ಲಿ ತಾಳ್ಮೆಯಿಂದ ಹುಡುಕಬೇಕು.

10 ಹಲ್ಲಿನ ಕಾಗ್ ಕೂಡ ಇದೆ. 50ಕ್ಕೆ 10 ಅಂದರೆ 55ಕ್ಕೆ 11. ಆದರೆ ಸಾಮಾನ್ಯವಾಗಿ ಸಿಗುವ ಶಿಮಾನೊ ಕಂಪನಿ ಮಾದರಿಯ ಹಬ್ ಮೇಲೆ 10 ಹಲ್ಲಿನದು ಕೂರುವುದಿಲ್ಲ. ಸ್ರ್ಯಾಮ್ ಕಂಪನಿಯ ಎಕ್ಸ್‌ಡಿಆರ್‌ನಂಥ ಬೇರೆ ಹಬ್ ಬಾಡಿ ಬೇಕು. ಹಬ್ ಬದಲಿಸುವ ಖರ್ಚು ಹಾಕಿ ನೋಡಿ, ಆಗ ತೀರ್ಮಾನಿಸಿ.

ಎರಡು ಹಂತ ಮುಗಿಸಿದ ಮೇಲೂ ನಿಮಗೆ ದೊಡ್ಡ ರಿಂಗ್ ಬೇಕು ಅನ್ನಿಸಿದರೆ, ನೀವು ಬಹುಶಃ ಈ ಗುಂಪಿನವರು: ಸಣ್ಣ ಚಕ್ರದ ಮಡಚುವ ಸೈಕಲ್ ಇರುವವರು, ಒರಗಿ ಕೂತು ತುಳಿಯುವ ರಿಕಂಬೆಂಟ್ ಸವಾರರು, ಟೈಮ್ ಟ್ರಯಲ್ (ಒಬ್ಬೊಬ್ಬರೇ ಸಮಯದ ವಿರುದ್ಧ ಓಡಿಸುವ ಸ್ಪರ್ಧೆ) ಅಥವಾ ಟ್ರ್ಯಾಕ್ ಸ್ಪರ್ಧಿಗಳು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಆ ಬಯಲಿನ ನೇರ ರಸ್ತೆಗಳಲ್ಲಿ ಬೆನ್ನ ಹಿಂದಿನ ಗಾಳಿ ಸಿಕ್ಕಾಗ 53/11 (ಮುಂದೆ 53, ಹಿಂದೆ 11) ಅನ್ನೂ ತುಳಿದು ಮುಗಿಸುವುದನ್ನು ನೋಡಿದ್ದೇನೆ. ಅಂಥವರಿಗೆ ನಾನು ಬೇಡ ಅನ್ನುವುದಿಲ್ಲ.

ಹಂತ 3: ಬಿಸಿಡಿ ಅಳೆಯಿರಿ

ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ. ಚೈನ್‌ರಿಂಗನ್ನು ಸ್ಪೈಡರ್‌ಗೆ ಹಿಡಿದಿರುವ ಬೋಲ್ಟ್‌ಗಳೆಲ್ಲದರ ನಡುಬಿಂದುಗಳ ಮೇಲೆ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಬೋಲ್ಟ್ ಸರ್ಕಲ್ ಡಯಾಮೀಟರ್, ಚಿಕ್ಕದಾಗಿ ಬಿಸಿಡಿ. ರಿಂಗ್‌ನ ಬಿಸಿಡಿಯೂ ಕ್ರ್ಯಾಂಕ್‌ನ ಬಿಸಿಡಿಯೂ ಒಂದೇ ಆಗಿರಬೇಕು. ಒಂದು ಮಿಲಿಮೀಟರ್ ವ್ಯತ್ಯಾಸವಾದರೂ ಕೂರುವುದಿಲ್ಲ. ನಾನೇ ಒಮ್ಮೆ 110ರ ಕ್ರ್ಯಾಂಕಿಗೆ 130ರ ರಿಂಗ್ ತರಿಸಿ ಗೋಡೆಗೆ ನೇತುಹಾಕಿದ್ದೇನೆ. ಇವತ್ತಿಗೂ ಅಲ್ಲೇ ಇದೆ.

ಅದಕ್ಕೂ ಮೊದಲು ಬೋಲ್ಟ್ ಇದೆಯೇ ನೋಡಿ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ರಿಂಗನ್ನು ಕ್ರ್ಯಾಂಕಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಕಪ್ಪು ಬಣ್ಣದ ಹಳೇ ದೇಸಿ ಸೈಕಲ್ಲಿನಲ್ಲಂತೂ ಚೈನ್‌ವೀಲೂ ಬಲಗಡೆ ಕ್ರ್ಯಾಂಕೂ ಒಂದೇ ಅಂಗ. ಇಂಥವುಗಳಲ್ಲಿ ರಿಂಗ್ ಮಾತ್ರ ಬದಲಿಸಲು ಬರುವುದಿಲ್ಲ, ಇಡೀ ಕ್ರ್ಯಾಂಕ್‌ಸೆಟ್ ಬದಲಿಸಬೇಕು. ಹಾಗೆ ಬದಲಿಸುವಾಗ ಬಿಬಿ, ಅಂದರೆ ಕ್ರ್ಯಾಂಕ್ ತಿರುಗುವ ಅಚ್ಚು ಮತ್ತು ಬೇರಿಂಗ್, ಯಾವ ಬಗೆಯದು ಎಂದು ಅಂಗಡಿಯವರಿಂದ ತಿಳಿದುಕೊಂಡೇ ಮುಂದುವರಿಯಿರಿ.

ನಾಲ್ಕು ಬೋಲ್ಟ್ ಸಮ ಅಂತರದಲ್ಲಿದ್ದರೆ ಎದುರುಬದುರಿನ ಎರಡು ಬೋಲ್ಟ್‌ಗಳ ನಡುವಿನ ಅಂತರವೇ ಬಿಸಿಡಿ. ಐದು ಬೋಲ್ಟ್ ಇದ್ದರೆ ಎದುರುಬದುರು ಬರುವುದಿಲ್ಲವಲ್ಲ, ಆಗ ಅಕ್ಕಪಕ್ಕದ ಎರಡು ಬೋಲ್ಟ್‌ಗಳ ನಡುಬಿಂದುವಿನಿಂದ ನಡುಬಿಂದುವಿಗೆ ಅಳೆದು 1.701ರಿಂದ ಗುಣಿಸಿ. ಸಾಮಾನ್ಯವಾಗಿ ಸಿಗುವ ಅಳತೆಗಳು ಇವು:

- ಅಕ್ಕಪಕ್ಕದ ಅಂತರ 64.7 ಮಿ.ಮೀ. ಬಂದರೆ ಬಿಸಿಡಿ 110. ಕಾಂಪ್ಯಾಕ್ಟ್ ರೋಡ್ ಕ್ರ್ಯಾಂಕ್.
- 76.4 ಬಂದರೆ 130. ಹಳೆಯ ರೋಡ್ ಕ್ರ್ಯಾಂಕ್‌ಗಳು, ಅನೇಕ ಮಡಚುವ ಸೈಕಲ್‌ಗಳು.
- 79.4 ಬಂದರೆ 135. ಕ್ಯಾಂಪಗ್ನೋಲೊ ಕಂಪನಿಯ ಹಳೇ ಕ್ರ್ಯಾಂಕ್‌ಗಳು.
- 84.6 ಬಂದರೆ 144. ಟ್ರ್ಯಾಕ್ ಸೈಕಲ್.

79.4 ಮತ್ತು 76.4 ನಡುವೆ ಮೂರೇ ಮಿಲಿಮೀಟರ್ ಅಂತರ. ಟೇಪು ಹಿಡಿದು ಕಣ್ಣಂದಾಜಿನಲ್ಲಿ ಅಳೆದರೆ ತಪ್ಪುವುದು ಖಂಡಿತ. ಇದಕ್ಕೇ ವರ್ನಿಯರ್ ಅಂದದ್ದು.

ಶಿಮಾನೊದ ಈಚಿನ ರೋಡ್ ಕ್ರ್ಯಾಂಕ್‌ಗಳಲ್ಲಿ ನಾಲ್ಕು ತೋಳುಗಳಿದ್ದು ಅವುಗಳ ನಡುವಿನ ಕೋನ ಸಮವಾಗಿಲ್ಲ. ಹೆಸರಿಗೆ ಅದೂ 110. ಆದರೆ ಐದು ಬೋಲ್ಟಿನ 110ರ ರಿಂಗ್ ಅದಕ್ಕೆ ಕೂರುವುದಿಲ್ಲ, 'ಶಿಮಾನೊ ನಾಲ್ಕು ತೋಳಿನದು' ಎಂದೇ ಕೇಳಬೇಕು. ಎಂಟಿಬಿಗಳ ನಾಲ್ಕು ಬೋಲ್ಟಿನ ಅಳತೆ 104. ಸ್ರ್ಯಾಮ್‌ನ ಹಲವು ಕ್ರ್ಯಾಂಕ್‌ಗಳಲ್ಲಿ ಸ್ಪೈಡರೇ ಇಲ್ಲದೆ ರಿಂಗ್ ನೇರವಾಗಿ ಕ್ರ್ಯಾಂಕಿನ ಬುಡಕ್ಕೆ ಕೂರುತ್ತದೆ. ಅದಕ್ಕೆ ಡೈರೆಕ್ಟ್ ಮೌಂಟ್ ಎಂದು ಹೆಸರು, ಅಲ್ಲಿ ಬಿಸಿಡಿಯ ಲೆಕ್ಕವೇ ಬರುವುದಿಲ್ಲ.

ಕ್ರ್ಯಾಂಕನ್ನೂ ಹೊಸದಾಗಿ ಕೊಳ್ಳುವುದಾದರೆ 130 ಅಥವಾ 144 ಆರಿಸಿ. 60 ಹಲ್ಲಿನ ರಿಂಗ್‌ನ ತ್ರಿಜ್ಯ ಸುಮಾರು 121 ಮಿ.ಮೀ. 104ರ ಕ್ರ್ಯಾಂಕಿನಲ್ಲಿ ಬೋಲ್ಟ್ ಇರುವುದು ನಡುವಿನಿಂದ 52 ಮಿ.ಮೀ. ದೂರದಲ್ಲಿ, ಅಲ್ಲಿಂದಾಚೆ ಸುಮಾರು 70 ಮಿ.ಮೀ. ತಟ್ಟೆ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಎದ್ದುನಿಂತು ತುಳಿದಾಗ ಅದು ಬಳುಕುತ್ತದೆ, ಚೈನ್ ಉದುರುತ್ತದೆ. 144ರಲ್ಲಿ ಆ ಚಾಚು 50 ಮಿ.ಮೀ. ಒಳಗೇ ನಿಲ್ಲುತ್ತದೆ.

ಹಂತ 4: ಜಾಗ ಇದೆಯೇ? ರಟ್ಟು ಕತ್ತರಿಸಿ ನೋಡಿ

ರಿಂಗ್‌ನ ಹಲ್ಲಿನಿಂದ ಹಲ್ಲಿಗೆ ಅಂತರ 12.7 ಮಿ.ಮೀ., ಅಂದರೆ ಅರ್ಧ ಇಂಚು. ಹಾಗಾಗಿ ಒಂದು ಹಲ್ಲು ಹೆಚ್ಚಿದಂತೆ ರಿಂಗ್‌ನ ತ್ರಿಜ್ಯ 2 ಮಿ.ಮೀ. ಬೆಳೆಯುತ್ತದೆ. 50ರಿಂದ 60ಕ್ಕೆ ಹೋದರೆ 20 ಮಿ.ಮೀ. ಅದು ನೇರವಾಗಿ ಚೈನ್‌ಸ್ಟೇ ಕಡೆಗೆ ನುಗ್ಗುತ್ತದೆ. ಬಿಬಿಯಿಂದ ಹಿಂದಿನ ಚಕ್ರದ ಅಚ್ಚಿನವರೆಗೆ ಅಡ್ಡಲಾಗಿ ಹೋಗುವ ಕೊಳವೆಯೇ ಚೈನ್‌ಸ್ಟೇ. ಅದು ಹಿಂದೆ ಹೋದಂತೆ ಹೊರಕ್ಕೆ ಅಗಲವಾಗುತ್ತದಲ್ಲ, ದೊಡ್ಡ ರಿಂಗ್ ತಾಗುವುದು ಆ ಅಗಲದಲ್ಲಿ.

ಚೈನ್ ಹೊದ್ದ ರಿಂಗ್‌ನ ಒಟ್ಟು ವ್ಯಾಸ ಹೀಗಿರುತ್ತದೆ: 53 ಹಲ್ಲಿಗೆ 223 ಮಿ.ಮೀ., 56ಕ್ಕೆ 235, 58ಕ್ಕೆ 243, 60ಕ್ಕೆ 251.

ರಟ್ಟಿನ ಮೇಲೆ ಈ ವ್ಯಾಸದ ವೃತ್ತ ಎಳೆಯಿರಿ. ಪೂರ್ತಿ ಬಿಲ್ಲೆ ಬೇಕಿಲ್ಲ. ಅಂಚಿನಿಂದ ಮೂರು ನಾಲ್ಕು ಸೆಂಟಿಮೀಟರ್ ಅಗಲದ ಅರ್ಧಚಂದ್ರ ಸಾಕು. ಚೈನ್ ಇಳಿಸಿ, ಈಗಿರುವ ದೊಡ್ಡ ರಿಂಗ್‌ನ ಒಳಮುಖಕ್ಕೆ ಅದನ್ನು ಟೇಪು ಹಾಕಿ ಅಂಟಿಸಿ. ಹೊರ ಅಂಚು ಸುತ್ತಲೂ ಸಮನಾಗಿ ಹೊರಬಂದಿರಲಿ. ಈಗ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ, ಅರ್ಧಚಂದ್ರ ಚೈನ್‌ಸ್ಟೇ ಪಕ್ಕಕ್ಕೆ ಬಂದಾಗ ನಡುವಿನ ಸಂದು ನೋಡಿ. ಕನಿಷ್ಠ 3 ಮಿ.ಮೀ. ಬೇಕು. ನಿಂತಾಗ ಸಂದು ಕಂಡಿತು ಎಂದು ಸಮಾಧಾನ ಪಡಬೇಡಿ. ನೀವು ಎದ್ದು ತುಳಿದಾಗ ಫ್ರೇಮೂ ರಿಂಗೂ ಎರಡೂ ಬಾಗುತ್ತವೆ. ಕಾರ್ಬನ್ ಫ್ರೇಮ್ ಆದರೆ ಒಂದೇ ಉಜ್ಜಿಗೆ ಫ್ರೇಮು ಹಾಳು.

ಮಡಚುವ ಸೈಕಲ್ಲಿನವರು ಇನ್ನೊಂದು ಕೆಲಸ ಮಾಡಿ. ರಟ್ಟು ಅಂಟಿಸಿಕೊಂಡೇ ಸೈಕಲ್ ಮಡಚಿ ನೋಡಿ. ಮಡಚಿದಾಗ ರಿಂಗ್ ನೆಲಕ್ಕೆ ತಾಗುತ್ತದೆಯೋ, ಎದುರಿನ ಕೊಳವೆಗೆ ಕಚ್ಚುತ್ತದೆಯೋ ಗೊತ್ತಾಗುತ್ತದೆ. ಬ್ರಾಂಪ್ಟನ್‌ನಂಥ ಸೈಕಲ್‌ಗಳಿಗೆ ಕಂಪನಿಯೇ 44, 50, 54 ಹಲ್ಲಿನ ಆಯ್ಕೆ ಕೊಟ್ಟಿದೆ. ಅಲ್ಲಿ 54ಕ್ಕೆ ನಿಲ್ಲಿಸುವುದು ಬುದ್ಧಿವಂತಿಕೆ.

ಹಂತ 5: ಎಲ್ಲಿ, ಏನೆಂದು ಹುಡುಕಬೇಕು

ಇಷ್ಟಾದ ಮೇಲೆ ಹುಡುಕಾಟ ಸುಲಭ. ಬರೀ 'ದೊಡ್ಡ ಚೈನ್‌ರಿಂಗ್' ಎಂದು ಹುಡುಕಿದರೆ ಏನೇನೋ ಬರುತ್ತದೆ. 'ಬಿಸಿಡಿ 130, 5 ಬೋಲ್ಟ್, 58ಟಿ' ಎಂದು ಮೂರನ್ನೂ ಸೇರಿಸಿ ಹುಡುಕಿ. ಟಿ ಎಂದರೆ ಹಲ್ಲು. ರೋಡ್ ಬೈಕ್ ವಿಭಾಗದಲ್ಲಿ ಸಿಗದಿದ್ದರೆ ಮಡಚುವ ಸೈಕಲ್ ಮತ್ತು ರಿಕಂಬೆಂಟ್ ಭಾಗಗಳ ವಿಭಾಗದಲ್ಲಿ ನೋಡಿ. ಸಣ್ಣ ಚಕ್ರದವರಿಗೆ ದೊಡ್ಡ ರಿಂಗ್ ದಿನನಿತ್ಯದ ಸಾಮಾನು, ಆದ್ದರಿಂದ ಅಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ.

53 ಹಲ್ಲಿನವರೆಗೆ ನಮ್ಮ ದೊಡ್ಡ ಸೈಕಲ್ ಅಂಗಡಿಗಳಲ್ಲೇ ಸಿಗುತ್ತದೆ. ಶಿಮಾನೊದ ಈಗಿನ ಡ್ಯೂರಾ-ಏಸ್ ಎಂಬ ರೋಡ್ ಬೈಕ್ ಭಾಗಗಳ ಸೆಟ್‌ನಲ್ಲಿ 54/40ರ ರಿಂಗ್ ಜೋಡಿ ಇದೆ. ಹಿಂದಿನ ತಲೆಮಾರಿನಲ್ಲಿ 55/42 ಕೂಡ ಇತ್ತು. ಅದಕ್ಕಿಂತ ಮೇಲೆ ಬೇಕಾದರೆ ಫ್ರಾನ್ಸಿನ ಟಿಎ ಮತ್ತು ಸ್ಟ್ರಾಂಗ್‌ಲೈಟ್, ಟ್ರ್ಯಾಕ್‌ಗೆ ಜಪಾನಿನ ಸುಗಿನೊ. ಮಡಚುವ ಸೈಕಲ್ಲಿಗೆ ಲಿಟ್‌ಪ್ರೊ ಹೆಸರಿನ ಚೀನೀ ರಿಂಗ್‌ಗಳು 130 ಬಿಸಿಡಿಯಲ್ಲಿ ಸಿಗುತ್ತವೆ. ವಿದೇಶದಿಂದ ತರಿಸಿದರೆ ರಿಂಗ್‌ನ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಎರಡೂ ಬೀಳುತ್ತವೆ, ಮೊದಲೇ ಕೇಳಿಕೊಳ್ಳಿ.

ಆರ್ಡರ್ ಒತ್ತುವ ಮುನ್ನ ಎರಡು ವಿವರ ನೋಡಿ. ಒಂದು, ಹಲ್ಲಿನ ದಪ್ಪ. ಟ್ರ್ಯಾಕ್ ಮತ್ತು ಒಂದೇ ಗೇರಿನ ಸೈಕಲ್ಲಿನ ಚೈನ್ 1/8 ಇಂಚಿನದು, ಗೇರ್ ಸೈಕಲ್ಲಿನದು 3/32 ಅಥವಾ ಅದಕ್ಕಿಂತ ಸಣ್ಣದು. 1/8ರ ರಿಂಗ್ ಮೇಲೆ ಗೇರ್ ಸೈಕಲ್ಲಿನ ಚೈನ್ ಇಳಿಯುವುದೇ ಇಲ್ಲ. 144 ಬಿಸಿಡಿಯ ರಿಂಗ್‌ಗಳು ಬಹುತೇಕ 1/8ರವೇ, ಹುಷಾರು. ಇನ್ನೊಂದು, ಹಲ್ಲಿನ ಬಗೆ. ಮುಂದೆ ಒಂದೇ ರಿಂಗ್ ಇಟ್ಟುಕೊಳ್ಳುವವರಿಗೆ ನ್ಯಾರೋ-ವೈಡ್ ಒಳ್ಳೆಯದು. ಅದರಲ್ಲಿ ಒಂದು ಹಲ್ಲು ತೆಳು, ಮುಂದಿನದು ದಪ್ಪ, ಹೀಗೆ ಸಾಗಿ ಚೈನನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದು ಸಮ ಸಂಖ್ಯೆಯ ಹಲ್ಲಿನಲ್ಲಿ ಮಾತ್ರ ಸಾಧ್ಯ. ಯಾರಾದರೂ 57 ಹಲ್ಲಿನ ನ್ಯಾರೋ-ವೈಡ್ ಮಾರುತ್ತಿದ್ದರೆ ಆ ಅಂಗಡಿಯಿಂದ ದೂರವಿರಿ. ಎರಡು ರಿಂಗ್ ಇದ್ದು ಗೇರ್ ಹಾಕುವವರು ನ್ಯಾರೋ-ವೈಡ್ ಕೊಳ್ಳಲೇಬಾರದು, ಚೈನ್ ಹತ್ತುವುದಿಲ್ಲ.

ಸ್ಪರ್ಧೆಗೆ ಹೋಗುವವರಿಗೆ ಒಂದು ಮಾತು. ಜೂನಿಯರ್‌ಗಳಿಗೆ ಒಂದು ಸುತ್ತಿಗೆ 7.93 ಮೀಟರ್ ಎಂಬ ಮಿತಿಯನ್ನು ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2023ರಲ್ಲಿ ತೆಗೆದುಹಾಕಿತು. 2025ರಲ್ಲಿ ವೃತ್ತಿಪರರಿಗೇ 54/11, ಅಂದರೆ 10.46 ಮೀಟರ್ ಮಿತಿ ಹಾಕಿ ಪ್ರಯೋಗ ಮಾಡಲು ಹೊರಟಿತ್ತು. 10 ಹಲ್ಲಿನ ಕಾಗ್ ಮಾಡುವ ಸ್ರ್ಯಾಮ್ ದೂರು ಕೊಟ್ಟಿತು, ಬೆಲ್ಜಿಯಂನ ಸ್ಪರ್ಧಾ ಪ್ರಾಧಿಕಾರ ತಡೆ ಹಾಕಿತು. ನಿಯಮ ಹೀಗೆ ಓಲಾಡುತ್ತಿರುವಾಗ, ನೀವು ಇಳಿಯುವ ಸ್ಪರ್ಧೆಯ ನಿಯಮ ಪುಸ್ತಕ ನೋಡದೆ ದುಡ್ಡು ಸುರಿಯಬೇಡಿ.

ಹಂತ 6: ಸಿಗಲೇ ಇಲ್ಲವೆಂದರೆ ಮಾಡಿಸುವುದು

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶ ಹತ್ತಿರವಿರುವವರಿಗೆ ಈ ದಾರಿ ಇದೆ. ಲೋಹವನ್ನು ಕರಾರುವಾಕ್ಕಾಗಿ ಕತ್ತರಿಸುವ ಸಿಎನ್‌ಸಿ ಅಥವಾ ವೈರ್‌ಕಟ್ ಯಂತ್ರ ಇರುವ ಕಾರ್ಖಾನೆಯವರು ಒಂದೇ ಪೀಸ್ ಮಾಡಿಕೊಡಲು ಒಪ್ಪಿದರೆ ಕೆಲಸ ಆಯಿತು. ನೀವು ಕೊಡುವ ಡ್ರಾಯಿಂಗ್ ಸರಿಯಿರಬೇಕು.

ಬಹಳ ಜನ ಎಡವುವುದು ರೋಲರ್ ಅಳತೆಯಲ್ಲಿ. ಕಾರ್ಖಾನೆಯವರ ಹತ್ತಿರ ಅರ್ಧ ಇಂಚಿನ ಸ್ಪ್ರಾಕೆಟ್ ಡ್ರಾಯಿಂಗ್ ಸಿದ್ಧವಿರುತ್ತದೆ, ಅದು ಯಂತ್ರಗಳ 08ಬಿ ಚೈನಿನದು. ಅದರ ರೋಲರ್ ವ್ಯಾಸ 8.51 ಮಿ.ಮೀ.; ಸೈಕಲ್ ಚೈನಿನದು 7.75. ಅದೇ ಡ್ರಾಯಿಂಗ್ ಬಳಸಿದರೆ ಹಲ್ಲಿನ ಕುಳಿ ಅಗಲವಾಗಿ ಚೈನ್ ಲೊಡಲೊಡ ಅನ್ನುತ್ತದೆ. 7.75 ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಡಿ. 60 ಹಲ್ಲಿಗೆ ರೋಲರ್‌ಗಳ ನಡುಬಿಂದು ಸೇರಿಸುವ ವೃತ್ತದ ವ್ಯಾಸ 242.7 ಮಿ.ಮೀ. ಎಂಬುದನ್ನೂ ಸೇರಿಸಿ.

1/8 ಚೈನಿಗಾದರೆ 3 ಮಿ.ಮೀ. ಉಕ್ಕಿನ ತಟ್ಟೆಯನ್ನು ಕತ್ತರಿಸಿದರೂ ನಡೆಯುತ್ತದೆ, ತೂಕ ಬರುತ್ತದೆ ಅಷ್ಟೆ. ಗೇರ್ ಸೈಕಲ್ಲಿಗೆ ಹಲ್ಲು ಸುಮಾರು 2 ಮಿ.ಮೀ. ದಪ್ಪ ಇರಬೇಕು, ಆದರೆ ಇಡೀ ತಟ್ಟೆಯೇ 2 ಮಿ.ಮೀ. ಆದರೆ ಬಳುಕುತ್ತದೆ. 4 ಮಿ.ಮೀ. ದಪ್ಪದ, 7075 ದರ್ಜೆಯ ಗಟ್ಟಿ ಅಲ್ಯೂಮಿನಿಯಂ ತೆಗೆದುಕೊಂಡು ಹಲ್ಲಿನ ಭಾಗ ಮಾತ್ರ ತೆಳುಮಾಡಿಸಬೇಕು. ಮೆದು ಅಲ್ಯೂಮಿನಿಯಂ ಬೇಡವೇ ಬೇಡ, ಒಂದೇ ಮಳೆಗಾಲದಲ್ಲಿ ಹಲ್ಲು ಸವೆದು ಗರಗಸವಾಗುತ್ತದೆ.

60ನ್ನೂ ದಾಟಿ ತೀರಾ ದೊಡ್ಡ ಗೇರ್ ಬೇಕೆನ್ನುವವರು ರಿಂಗ್ ಬೆಳೆಸುತ್ತಾ ಹೋಗುವುದಿಲ್ಲ, ಗೇರನ್ನು ಎರಡು ಹಂತ ಮಾಡುತ್ತಾರೆ. ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವಾಹನದ ಮರೆಯಲ್ಲಿ 1995ರಲ್ಲಿ ಫ್ರೆಡ್ ರೊಂಪೆಲ್‌ಬರ್ಗ್ 268.8 ಕಿ.ಮೀ., 2018ರಲ್ಲಿ ಡೆನಿಸ್ ಮುಲ್ಲರ್-ಕೊರೆನೆಕ್ 296 ಕಿ.ಮೀ. ವೇಗ ಮುಟ್ಟಿದ್ದು ಹೀಗೆ: ಒಂದು ಚೈನ್ ನಡುವಿನ ಅಚ್ಚನ್ನು ತಿರುಗಿಸುತ್ತದೆ, ಆ ಅಚ್ಚಿನಿಂದ ಇನ್ನೊಂದು ಚೈನ್ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಮಡಚುವ ಸೈಕಲ್ಲಿನವರಿಗೆ ಇದರ ಸಣ್ಣ ರೂಪ ಹಬ್ ಗೇರ್, ಅಂದರೆ ಹಿಂದಿನ ಹಬ್‌ನ ಒಳಗೇ ಅಡಗಿರುವ ಗೇರ್. ಸ್ಟರ್ಮಿ-ಆರ್ಚರ್‌ನ ಮೂರು ಗೇರಿನ ಹಬ್‌ನಲ್ಲಿ ಮೇಲಿನ ಗೇರ್ ಮೂರನೇ ಒಂದರಷ್ಟು ಹೆಚ್ಚು ಕೊಡುತ್ತದೆ. 48ರ ರಿಂಗ್ ಇದ್ದರೂ 64ರ ಫಲ.

ಹಂತ 7: ಚೈನ್ ಮತ್ತು ಡಿರೇಲರ್

ಹಳೇ ಚೈನನ್ನೇ ಹೊಸ ರಿಂಗಿಗೆ ಹಾಕಬೇಡಿ. ಉದ್ದ ಸಾಲುವುದಿಲ್ಲ, ಹಿಗ್ಗಿದ ಚೈನ್ ಹೊಸ ಹಲ್ಲನ್ನೂ ತಿನ್ನುತ್ತದೆ. ರಿಂಗ್‌ನಲ್ಲಿ ಎರಡು ಹಲ್ಲು ಹೆಚ್ಚಿದರೆ ಚೈನಿನಲ್ಲಿ ಒಂದು ಲಿಂಕ್ ಹೆಚ್ಚಬೇಕು, ಮತ್ತು ಚೈನ್ ಯಾವಾಗಲೂ ಸಮ ಸಂಖ್ಯೆಯಲ್ಲಿರಬೇಕು. 53ರಿಂದ 60ಕ್ಕೆ ಹೋದರೆ 4 ಲಿಂಕ್. ಅಂಗಡಿಯ ಚೈನ್ ಸಾಮಾನ್ಯವಾಗಿ 114 ಅಥವಾ 116 ಲಿಂಕ್ ಬರುತ್ತದೆ. 41 ಸೆಂ.ಮೀ. ಚೈನ್‌ಸ್ಟೇ, ಮುಂದೆ 60, ಹಿಂದೆ 28 ಇದ್ದರೆ ಸುಮಾರು 112 ಬೇಕು. ಅಂದರೆ ಅಂಚಿನಲ್ಲೇ ಇದ್ದೀರಿ.

ಲೆಕ್ಕಕ್ಕಿಂತ ಈ ವಿಧಾನ ಭದ್ರ: ಹಿಂದಿನ ಡಿರೇಲರ್ ಬಿಟ್ಟು, ಮುಂದಿನ ಅತಿ ದೊಡ್ಡ ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಕಾಗ್ ಮೇಲೆ ನೇರವಾಗಿ ಚೈನ್ ಸುತ್ತಿ, ತುದಿ ಸೇರುವ ಕಡೆ ಎರಡು ಲಿಂಕ್ ಹೆಚ್ಚು ಬಿಟ್ಟು ಕತ್ತರಿಸಿ. ಇದನ್ನು ತಪ್ಪಿಸಿ ಗಿಡ್ಡ ಚೈನ್ ಹಾಕಿದರೆ, ಯಾವತ್ತೋ ಒಂದು ದಿನ ಮರೆತು ದೊಡ್ಡದಕ್ಕೆ ದೊಡ್ಡದು ಗೇರ್ ಹಾಕುತ್ತೀರಿ. ಡಿರೇಲರ್ ಕಿತ್ತುಕೊಂಡು ಕಡ್ಡಿಗಳೊಳಗೆ ಹೋಗುತ್ತದೆ.

ಮುಂದಿನ ಡಿರೇಲರ್ ಇದ್ದರೆ ಅದನ್ನು ಮೇಲೇರಿಸಬೇಕು. 53ರಿಂದ 60ಕ್ಕೆ 14 ಮಿ.ಮೀ. ಮೇಲೆ. ಅದರ ಹೊರ ತಗಡಿನ ಕೆಳ ಅಂಚು ಹಲ್ಲಿನ ತುದಿಯಿಂದ 1ರಿಂದ 3 ಮಿ.ಮೀ. ಮೇಲಿರಬೇಕು. ಸೀಟಿನ ಕೊಳವೆಗೆ ಪಟ್ಟಿ ಸುತ್ತಿ ಕೂರಿಸಿದ ಬಗೆಯಾದರೆ ಪಟ್ಟಿ ಸಡಿಲಿಸಿ ಏರಿಸಿಬಿಡಬಹುದು. ಫ್ರೇಮಿಗೇ ಬೆಸೆದ ಕೊಂಡಿಯಲ್ಲಿ ಕೂತಿದ್ದರೆ ಅದರ ಸೀಳಿನಷ್ಟೇ ಜಾಗ, 60ಕ್ಕೆ ಸಾಲದಿರಬಹುದು. ಏರಿದರೂ ತಗಡಿನ ಬಾಗು 53ರ ವೃತ್ತಕ್ಕೆ ಮಾಡಿದ್ದು, 60ಕ್ಕೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ. ದೊಡ್ಡ ಮತ್ತು ಚಿಕ್ಕ ರಿಂಗ್‌ಗಳ ನಡುವೆ 16 ಹಲ್ಲಿಗಿಂತ ಹೆಚ್ಚು ವ್ಯತ್ಯಾಸ ಇಡಬೇಡಿ: 60ರ ಜೊತೆ 44, 56ರ ಜೊತೆ 40. 34ರ ಚಿಕ್ಕ ರಿಂಗ್ ಹಾಗೇ ಇರಲಿ ಎಂಬ ಆಸೆ ಬಿಡಿ. ಬೆಟ್ಟ ಹತ್ತುವುದು ಆಗ ಕಷ್ಟವಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ನನ್ನನ್ನು ಕೇಳಿದರೆ ಇಷ್ಟು ದೊಡ್ಡ ರಿಂಗ್ ಹಾಕುವವರು ಮುಂದಿನ ಡಿರೇಲರನ್ನೇ ತೆಗೆದು ಒಂದೇ ರಿಂಗಿಗೆ ಬರುವುದು ನೆಮ್ಮದಿ.

ಹಂತ 8: ಜೋಡಿಸುವುದು

ಬೋಲ್ಟ್‌ಗಳ ಎಳೆಗೆ ಗ್ರೀಸ್ ಹಚ್ಚಿ. ಎರಡು ರಿಂಗ್ ತೆಗೆದು ಒಂದೇ ಹಾಕುತ್ತಿದ್ದರೆ ಹಳೇ ಬೋಲ್ಟ್ ಉದ್ದವಾಗಿ, ಪೂರ್ತಿ ಬಿಗಿದರೂ ರಿಂಗ್ ಅಲುಗಾಡುತ್ತದೆ. ಒಂದೇ ರಿಂಗಿನ ಗಿಡ್ಡ ಬೋಲ್ಟ್ ಸೆಟ್ ಬೇರೆಯಾಗಿ ಕೊಳ್ಳಿ. ರಿಂಗ್‌ನಲ್ಲಿ ಒಂದು ಸಣ್ಣ ಗೂಟ ಚಾಚಿಕೊಂಡಿದ್ದರೆ ಅದು ಕ್ರ್ಯಾಂಕ್ ತೋಳಿನ ಹಿಂದೆ ಬರುವಂತೆ ಕೂರಿಸಿ. ಚೈನ್ ಹೊರಗೆ ಬಿದ್ದಾಗ ತೋಳಿಗೂ ರಿಂಗಿಗೂ ನಡುವೆ ಸಿಕ್ಕಿಕೊಳ್ಳದಂತೆ ತಡೆಯುವುದು ಅದರ ಕೆಲಸ.

ಬೋಲ್ಟ್‌ಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯಬೇಡಿ. ಒಂದು ಬಿಟ್ಟು ಒಂದರಂತೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೆ ಸೈಕಲ್ ಎತ್ತಿ ಹಿಡಿದು ಕ್ರ್ಯಾಂಕ್ ತಿರುಗಿಸುತ್ತಾ ರಿಂಗ್ ಪಕ್ಕಕ್ಕೆ ಓಲಾಡುತ್ತದೆಯೇ ನೋಡಿ. ಒಂದು ಕಡೆ ಫ್ರೇಮಿಗೆ ಹತ್ತಿರ, ಇನ್ನೊಂದು ಕಡೆ ದೂರ ಬಂದರೆ ಬೋಲ್ಟ್ ಸಡಿಲಿಸಿ ಮತ್ತೆ ಕೂರಿಸಿ. ತಪ್ಪು ಸಾಮಾನ್ಯವಾಗಿ ಸ್ಪೈಡರ್ ತುದಿಯಲ್ಲಿ ಅಂಟಿದ ಹಳೇ ಕೊಳೆಯದು.

ಮೊದಲ ಸವಾರಿ ಖಾಲಿ ರಸ್ತೆಯಲ್ಲಿ, ಪ್ಯಾಂಟಿನ ಅಂಚು ಕಟ್ಟಿಕೊಂಡು. ಎದ್ದುನಿಂತು ಹತ್ತು ಹೆಜ್ಜೆ ಗಟ್ಟಿಯಾಗಿ ತುಳಿದು, ಇಳಿದು, ಚೈನ್‌ಸ್ಟೇ ಮೇಲೆ ಗೀರು ಬಿದ್ದಿದೆಯೇ ಬೆರಳಾಡಿಸಿ ನೋಡಿ. 50 ಕಿ.ಮೀ. ಆದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ, ಅಷ್ಟರಲ್ಲಿ ಒಂದೆರಡಾದರೂ ಸಡಿಲವಾಗಿರುತ್ತವೆ.